ಹಳೇ ಎಂಟಿಬಿ ಮೇಲೆ ಆರು ದಿನ: ಬೆಂಗಳೂರಿನಿಂದ ಕಾರವಾರಕ್ಕೆ

ಸಸ್ಪೆನ್ಶನ್ ಇಲ್ಲದ ಫೋರ್ಕು, ಕ್ರೋಮೋಲಿ ಉಕ್ಕಿನ ಫ್ರೇಮು, 26 ಇಂಚಿನ ಚಕ್ರ, ಮುಂದೆ ಮೂರು ಚೈನ್‌ರಿಂಗು, ಹಿಂದೆ ಆರೋ ಏಳೋ ಹಲ್ಲುಚಕ್ರ, ಹೆಬ್ಬೆರಳಲ್ಲಿ ತಳ್ಳುವ ಗೇರು. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲರ್ಧದವರೆಗೆ ಬಂದ ಮೌಂಟನ್ ಬೈಕುಗಳ (ಎಂಟಿಬಿ) ಚಹರೆ ಹೆಚ್ಚುಕಮ್ಮಿ ಇಷ್ಟೇ. ಕಾಡುದಾರಿಗೆಂದು ಮಾಡಿದ ಈ ಸೈಕಲ್ಲು ಇವತ್ತು ಹೆಚ್ಚು ಒದಗುವುದು ದೂರದ ಟಾರು ರಸ್ತೆಗೆ. ಹಿಂದಿನ ಚಕ್ರ ಸೀಟಿನಿಂದ ಸಾಕಷ್ಟು ದೂರ ಇರುವುದರಿಂದ ಬ್ಯಾಗಿಗೆ ಹಿಮ್ಮಡಿ ತಾಕುವುದಿಲ್ಲ. ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲೇ ತೂತುಗಳಿರುತ್ತವೆ. ಬೆಟ್ಟ ಹತ್ತುವ ಗೇರು ಹುಟ್ಟಿನಿಂದಲೇ ಇದೆ.

ಇದನ್ನು ಪರೀಕ್ಷೆಗೆ ಒಡ್ಡಲು ಒಳ್ಳೆಯ ದಾರಿ ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಮೈಸೂರು, ಮಡಿಕೇರಿ, ಮಂಗಳೂರಿನ ಮೇಲೆ ಕಾರವಾರದ್ದು. ಸುಮಾರು 690 ಕಿ.ಮೀ. ಬಯಲು, ಏರು, ಘಾಟಿ ಇಳಿತ, ಕಡಲ ಗಾಳಿ ಎಲ್ಲವೂ ಸಿಗುತ್ತವೆ. ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಹೊರಡಬಹುದು. ಮಳೆಗಾಲದಲ್ಲಿ ಈ ದಾರಿ ಬೇಡವೇ ಬೇಡ. 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಜೋಡುಪಾಲದ ಆಸುಪಾಸಿನಲ್ಲಿ ಕುಸಿದಿತ್ತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಜಾರಿ ಬಂತು.

ಹೊರಡುವ ಮುನ್ನ

ಮೊದಲು ಟೈರು. ಗೊರಸಿನಂಥ ಗುಬ್ಬಿಗಳ 2.1 ಇಂಚಿನ ಟೈರು ಟಾರಿನ ಮೇಲೆ ಗುಂಯ್‌ಗುಟ್ಟುತ್ತ ತುಳಿತದ ಬಲವನ್ನೆಲ್ಲ ನುಂಗುತ್ತದೆ. ಅದನ್ನು ತೆಗೆದು 26×1.5 ಇಂಚಿನ ನುಣುಪು ಟೈರು ಹಾಕಬೇಕು. ಒಟ್ಟು ತೂಕ ಸುಮಾರು 95 ಕೆ.ಜಿ. ಇದ್ದರೆ ಮುಂದೆ 55, ಹಿಂದೆ 65 ಪಿಎಸ್‌ಐ ಗಾಳಿ ಸಾಕು. ಟೈರಿನ ಮಗ್ಗುಲಲ್ಲಿ ಬರೆದಿರುವ ಮಿತಿ ಮಾತ್ರ ದಾಟಬಾರದು. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಸೈಕಲ್ ಶಾಪಿನಲ್ಲಿ ‘26 ಇಂಚು’ ಎಂದಷ್ಟೇ ಹೇಳಿದರೆ 26×1⅜ ಅಥವಾ 26×1½ ಕೈಗೆ ಬರಬಹುದು. ಇವು ಹಳೇ ಮಾದರಿಯ ಸೈಕಲ್ಲುಗಳ ಅಳತೆ, ಎಂಟಿಬಿ ರಿಮ್ಮಿಗೆ ಕೂರುವುದಿಲ್ಲ. ನಮಗೆ ಬೇಕಾದದ್ದು ದಶಾಂಶದಲ್ಲಿ ಬರೆದ 26×1.5, 1.75 ಅಥವಾ 1.95. ಮಗ್ಗುಲಲ್ಲಿ 559 ಎಂಬ ಸಂಖ್ಯೆ ಇದ್ದರೆ ಅನುಮಾನವೇ ಬೇಡ. ಮಕ್ಕಳ ಗೇರ್ ಸೈಕಲ್ಲುಗಳಿಗೂ ಇದೇ ಅಳತೆ ಬಳಸುವುದರಿಂದ ತಾಲ್ಲೂಕು ಕೇಂದ್ರಗಳಲ್ಲಿ ಟ್ಯೂಬು, ಟೈರು ಸುಲಭವಾಗಿ ಸಿಗುತ್ತವೆ. ಹೊಸಾ ದುಬಾರಿ ಸೈಕಲ್ಲಿಗೆ ಈ ಭಾಗ್ಯ ಇಲ್ಲ.

ಕಿ.ಮೀ. ತೋರಿಸುವ ಮೀಟರ್ ಇದ್ದರೆ ಅದರ ಲೆಕ್ಕವನ್ನೂ ಬದಲಿಸಬೇಕು. 2.1 ಟೈರಿನ ಸುತ್ತಳತೆ ಸುಮಾರು 2090 ಮಿ.ಮೀ., 1.5ರದ್ದು ಸುಮಾರು 2000. ಹಾಗೇ ಬಿಟ್ಟರೆ 100 ಕಿ.ಮೀ. ಹೋದಾಗ ಮೀಟರ್ 104 ದಾಟಿರುತ್ತದೆ. ಖುಷಿಯೇನೋ ಆಗುತ್ತದೆ, ಊಟದ ಊರು ಮಾತ್ರ ಬಂದಿರುವುದಿಲ್ಲ.

ಆಮೇಲೆ ಬೇರಿಂಗು. ಮೂವತ್ತು ವರ್ಷದ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಚಕ್ರದ ನಡುವಿನ ಗುಂಬ, ಅಂದರೆ ಹಬ್ಬುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಬಾಲ್ಸು ಹೊಸದಾಗಿ ಹಾಕುವುದೇ ಸರಿ. ಸಾಮಾನ್ಯವಾಗಿ ಮುಂದಿನ ಹಬ್ಬಿಗೆ ಒಂದು ಕಡೆಗೆ 3/16 ಇಂಚಿನ 10, ಹಿಂದಿನದಕ್ಕೆ 1/4 ಇಂಚಿನ 9, ಎರಡು ಪೆಡಲಿನ ನಡುವಿನ ಬಾಟಮ್ ಬ್ರಾಕೆಟ್ಟಿಗೆ (ಬಿ.ಬಿ.) 1/4 ಇಂಚಿನ 11 ಬೇಕು. ಬಾಲ್ಸನ್ನು ಒತ್ತಿ ಹಿಡಿಯುವ ಕೋನ್ ನಟ್ಟು ಬಿಗಿಯುವಾಗ ಕೈಗೆ ಒಂದು ಕೂದಲೆಳೆಯಷ್ಟು ಆಟ ಸಿಗಬೇಕು, ಚಕ್ರ ಬಿಗಿಯುವ ಕ್ವಿಕ್ ರಿಲೀಸ್ ಲಿವರು ಒತ್ತಿದಾಗ ಅದು ತಾನೇ ಮಾಯವಾಗುತ್ತದೆ. ಬಿ.ಬಿ.ಯ ಬಲಗಡೆಯ ಬಟ್ಟಲು (ಕಪ್) ಇಂಗ್ಲಿಷ್ ಥ್ರೆಡ್ಡಿನದಾದರೆ ಉಲ್ಟಾ ತಿರುಗುತ್ತದೆ. ಅದು ತಿಳಿಯದೆ ಸುತ್ತಿಗೆ ಎತ್ತಿದವರು ಫ್ರೇಮನ್ನೇ ಕೆಡಿಸಿದ್ದುಂಟು.

ಸೀಟ್ ಪೋಸ್ಟ್ ಅಲ್ಯುಮಿನಿಯಂ, ಫ್ರೇಮು ಉಕ್ಕು. ಎರಡರ ನಡುವೆ ಉಪ್ಪುನೀರು ಸೇರಿದರೆ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತವೆ. ಈ ದಾರಿಯಲ್ಲಿ ಮೂರು ದಿನ ಕಡಲ ಪಕ್ಕದ ಓಡಾಟ. ಪೋಸ್ಟನ್ನೂ ಹ್ಯಾಂಡಲ್ ಸ್ಟೆಮ್ಮನ್ನೂ ಹೊರಗೆ ತೆಗೆದು ದಪ್ಪಗೆ ಗ್ರೀಸು ಹಚ್ಚಿಯೇ ಹೊರಡಬೇಕು. ಸ್ಟೆಮ್ಮಿನ ಮೇಲೆ ಕೊರೆದಿರುವ ಗೆರೆ ಹೊರಗೆ ಕಾಣುವಷ್ಟು ಎತ್ತರಿಸುವುದು ಅಪಾಯ.

ಚೈನಿನ ಸವೆತ ನೋಡಲು ಸ್ಕೇಲು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಎಣಿಸಿದರೆ ಸರಿಯಾಗಿ 12 ಇಂಚು. 1/16 ಇಂಚು ಹೆಚ್ಚಾಗಿದ್ದರೆ ಚೈನು ಬದಲಿಸಿ. 1/8 ಹೆಚ್ಚಾಗಿದ್ದರೆ ಹಿಂದಿನ ಹಲ್ಲುಚಕ್ರಗಳ ಗುಚ್ಛವಾದ ಫ್ರೀವೀಲೂ ಹೋದಂತೆ, ಹೊಸ ಚೈನು ಹಾಕಿದರೂ ಹಲ್ಲು ಹಾರುತ್ತದೆ.

ಜೊತೆಗೆ ಒಯ್ಯಬೇಕಾದದ್ದು: ಎರಡು ಟ್ಯೂಬು, ಪ್ಯಾಚು ಸೊಲ್ಯೂಷನ್, ಪಂಪು, ಬ್ರೇಕ್ ಮತ್ತು ಗೇರಿನ ಒಳವೈರು ಒಂದೊಂದು, ಒಂದು ಜೊತೆ ಬ್ರೇಕ್ ರಬ್ಬರು, ಹಿಂದಿನ ಚಕ್ರದ ಬಲಗಡೆ ಅಳತೆಯ ಮೂರು ಸ್ಪೋಕು, ಸ್ಪೋಕ್ ಕೀಲಿ, ನಿಮ್ಮ ಫ್ರೀವೀಲಿಗೆ ಹೊಂದುವ ರಿಮೂವರ್, ಚೈನ್ ಕಟರ್, 4, 5, 6 ಮಿ.ಮೀ. ಅಲೆನ್ ಕೀಲಿ, ಚಿಕ್ಕದೊಂದು ಚಿಮಟ. ರಿಮೂವರ್ ತಿರುಗಿಸುವ ದೊಡ್ಡ ಸ್ಪ್ಯಾನರ್ ಹೊರುವುದು ಬೇಡ, ಯಾವ ಗ್ಯಾರೇಜಿನಲ್ಲಾದರೂ ಇರುತ್ತದೆ.

ದಿನ 1: ಬೆಂಗಳೂರು–ಮೈಸೂರು, ಸುಮಾರು 150 ಕಿ.ಮೀ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಸೈಕಲ್ಲುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಇದೆ, ಆದರೆ ಎದುರಿನಿಂದ ಬರುವವರನ್ನು ತಪ್ಪಿಸುವುದರಲ್ಲೇ ದಿನ ಕಳೆಯುತ್ತದೆ. ಕನಕಪುರದ ದಾರಿ ಲೇಸು. ಬೆಳಿಗ್ಗೆ ಐದೂವರೆಗೆ ಬನಶಂಕರಿ ಬಿಟ್ಟರೆ ಹಾರೋಹಳ್ಳಿಯ ಲಾರಿಗಳು ಏಳುವ ಹೊತ್ತಿಗೆ ಅದನ್ನು ದಾಟಿರಬಹುದು. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ ಎಂದು ರಸ್ತೆ ಏರಿಳಿಯುತ್ತ ಒಟ್ಟಿನಲ್ಲಿ ಕೆಳಕ್ಕೇ ಹೋಗುತ್ತದೆ. ಇಳಿದದ್ದರಲ್ಲಿ ಒಂದಷ್ಟನ್ನು ಮಳವಳ್ಳಿಯಿಂದ ಬನ್ನೂರಿನ ಮೇಲೆ ಮೈಸೂರಿಗೆ ಹೋಗುವಾಗ ಮತ್ತೆ ಹತ್ತಬೇಕು, ಅದೂ ಮಧ್ಯಾಹ್ನದ ಬಿಸಿಲಲ್ಲಿ.

ಇವತ್ತು ಬಳಸಬೇಕಾದ ಗೇರು ನಡುವಿನದು. ಮುಂದೆ 28/38/48, ಹಿಂದೆ 13ರಿಂದ 30 ಹಲ್ಲು ಇದೆಯೆಂದುಕೊಳ್ಳಿ. 38ಕ್ಕೂ 15ಕ್ಕೂ ಚೈನು ಹಾಕಿ ನಿಮಿಷಕ್ಕೆ 75 ಸುತ್ತು ತುಳಿದರೆ ಗಂಟೆಗೆ ಸುಮಾರು 23 ಕಿ.ಮೀ. ವೇಗ. ದಿನವಿಡೀ ಅದೇ ಲಯ. 48–13ರಲ್ಲಿ 80 ಸುತ್ತಿಗೆ 35 ಕಿ.ಮೀ. ಬರುತ್ತದೆ. ಅದಕ್ಕಿಂತ ದೊಡ್ಡ ಗೇರು ಬೇಕೆನಿಸುವುದು ಇಳಿಜಾರಲ್ಲಿ, ಅಲ್ಲಿ ತುಳಿಯುವ ಕೆಲಸವೇ ಇಲ್ಲ. ಜಾಸ್ತಿ ವೇಗಕ್ಕೆಂದು ಚೈನ್‌ರಿಂಗ್ ಬದಲಿಸುವ ಖರ್ಚು ದಂಡ.

ಈ ಸೀಮೆಯ ಶತ್ರು ಜಾಲಿ ಮುಳ್ಳು. ನೀರು ಕುಡಿಯಲು ಸೈಕಲ್ಲನ್ನು ಟಾರಿನಿಂದ ಕೆಳಗಿಳಿಸಿ ಬೇಲಿಗೆ ಒರಗಿಸಿದಲ್ಲಿಗೆ ಪಂಕ್ಚರ್ ಖಚಿತ. ಟ್ಯೂಬಿಗೆ ತೇಪೆ ಹಾಕುವುದು ಅರ್ಧ ಕೆಲಸ. ಮುಳ್ಳಿನ ತುದಿ ಮುರಿದು ಟೈರಿನೊಳಗೇ ಕೂತಿರುತ್ತದೆ, ಹತ್ತು ಕಿ.ಮೀ. ಆದಮೇಲೆ ಅದೇ ಜಾಗದಲ್ಲಿ ಮತ್ತೆ ಚುಚ್ಚುತ್ತದೆ. ಹತ್ತಿ ಅಥವಾ ಹಳೇ ಬನಿಯನ್ ತುಂಡನ್ನು ಟೈರಿನ ಒಳಗೆ ಒಂದು ಸುತ್ತು ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳು, ಚಿಮಟದಿಂದ ಕೀಳಿ. ಟ್ಯೂಬು ಹಾಕುವಾಗ ವಾಲ್ವನ್ನು ಟೈರಿನ ಮೇಲಿನ ಹೆಸರಿಗೆ ಸರಿಯಾಗಿ ಕೂರಿಸುವ ಅಭ್ಯಾಸ ಇದ್ದರೆ, ಟ್ಯೂಬಿನ ತೂತಿನ ಎದುರಿಗೆ ಟೈರಿನಲ್ಲಿ ಎಲ್ಲಿ ಹುಡುಕಬೇಕೆಂದು ಕೂಡಲೇ ತಿಳಿಯುತ್ತದೆ.

ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಮಳವಳ್ಳಿಯಲ್ಲಿ ಮುದ್ದೆ ಊಟ ಹೊಡೆದು ತಕ್ಷಣ ಸೈಕಲ್ಲು ಹತ್ತುವವರಿಗೆ ಬನ್ನೂರು ಬಹಳ ದೂರ. ಒಂದು ಗಂಟೆ ನೆರಳಲ್ಲಿ ಕೂತು ಹೊರಡುವುದೇ ಜಾಣತನ.

ದಿನ 2: ಮೈಸೂರು–ಮಡಿಕೇರಿ, ಸುಮಾರು 120 ಕಿ.ಮೀ.

ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ. ತಂಬಾಕು ಹದ ಮಾಡುವ ಎತ್ತರದ ಬ್ಯಾರನ್ನುಗಳು ಅಕ್ಕಪಕ್ಕ ಕಾಣುತ್ತವೆ. 1961ರಲ್ಲಿ ನೆಲೆಗೊಂಡ ಬೈಲಕುಪ್ಪೆಯ ಟಿಬೆಟನ್ ಶಿಬಿರ ದಾಟಿ ಕೊಪ್ಪದ ಸೇತುವೆಯಲ್ಲಿ ಕಾವೇರಿ ದಾಟಿದರೆ ಕುಶಾಲನಗರ, ಕೊಡಗು ಶುರು. ಇಲ್ಲಿಯವರೆಗಿನ 90 ಕಿ.ಮೀ. ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅಸಲು ಕೆಲಸ ಕೊನೆಯ 30 ಕಿ.ಮೀ.ಯದು.

ಕುಶಾಲನಗರದಿಂದ ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಮುನ್ನೂರು ಮೀಟರಿಗೂ ಹೆಚ್ಚು ಏರಬೇಕು. ಕಾಫಿ ತೋಟದ ನೆರಳಿದೆ, ಆದರೆ ರಸ್ತೆ ಒಂದೇ ಸಮ ಏರುವುದಿಲ್ಲ. ಹತ್ತಿಸಿ ಇಳಿಸಿ ಮತ್ತೆ ಹತ್ತಿಸುತ್ತದೆ. ಬಳಲಿಕೆ ತರುವುದು ಈ ಚೆಲ್ಲಾಟವೇ. 28–30ರ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ಲು 1.87 ಮೀಟರ್ ಹೋಗುತ್ತದೆ. ನಿಮಿಷಕ್ಕೆ 70 ಸುತ್ತೆಂದರೆ ಗಂಟೆಗೆ 8 ಕಿ.ಮೀ.ಗೆ ತುಸು ಕಮ್ಮಿ. ಲಗೇಜು ಹೊತ್ತು ಕೂತೇ ಹತ್ತಲು ಇಷ್ಟು ಸಾಕು. ಚಿಕ್ಕ ಚೈನ್‌ರಿಂಗಿಗೆ ಏರು ಶುರುವಾಗುವ ಮುನ್ನವೇ ಬನ್ನಿ. ತುಳಿತದ ಭಾರ ಬಿದ್ದಮೇಲೆ ಬದಲಿಸಲು ಹೋದರೆ ಚೈನು ಒಳಗೆ ಬಿದ್ದು ಬಿ.ಬಿ. ಹತ್ತಿರ ಸಿಕ್ಕಿಕೊಳ್ಳುತ್ತದೆ.

ಎರಡನೇ ದಿನಕ್ಕೆ ಹೊಸ ಗೇರ್ ವೈರು ತುಸು ಸಡಿಲವಾಗಿ ಗೇರು ಟಕಟಕ ಅನ್ನಲು ಶುರುಮಾಡುವುದು ಸಾಮಾನ್ಯ. ಹೆಬ್ಬೆರಳ ಶಿಫ್ಟರಿನ ದೊಡ್ಡಸ್ತಿಕೆ ಇಲ್ಲಿದೆ. ಶಿಮಾನೋದ ಹಳೇ ಶಿಫ್ಟರುಗಳಲ್ಲಿ ‘ಎಸ್‌ಐಎಸ್’ ಇಂದ ‘ಫ್ರಿಕ್ಷನ್’ಗೆ ತಿರುಗಿಸುವ ಬಳೆ ಇರುತ್ತದೆ. ತಿರುಗಿಸಿದರೆ ಕ್ಲಿಕ್ಕು ಹೋಗಿ ಲಿವರು ಎಲ್ಲಿ ಬೇಕಾದರೂ ನಿಲ್ಲುತ್ತದೆ, ಕಿವಿಯಿಂದ ಕೇಳಿ ಗೇರು ಕೂರಿಸಬಹುದು. ಚೈನು ಸರಿಸುವ ಹಿಂದಿನ ತೋಳು (ಡಿರೈಲರ್) ತುಸು ಬಾಗಿದ್ದರೂ ಊರು ಸೇರಿಸುತ್ತದೆ. 1990ರ ನಂತರದ ಗುಂಡಿ ಒತ್ತುವ ರ‍್ಯಾಪಿಡ್‌ಫೈರ್‌ನಲ್ಲಿ ಈ ಅನುಕೂಲ ಇಲ್ಲ. ಅದರೊಳಗಿನ ಗ್ರೀಸು ಗಟ್ಟಿಯಾಗಿ ಹಲ್ಲು ಕಚ್ಚದೆ ಲಿವರು ಬರೀ ಓಲಾಡುತ್ತದೆ. ಬಿಸಾಡಬೇಡಿ, ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಹೊಡೆದು ಇಪ್ಪತ್ತು ಮೂವತ್ತು ಸಲ ಒತ್ತಿ, ಆಮೇಲೆ ತೆಳು ಎಣ್ಣೆ ಬಿಟ್ಟರೆ ಬಹುಪಾಲು ಜೀವ ಬರುತ್ತದೆ.

ದಿನ 3: ಮಡಿಕೇರಿ–ಮಂಗಳೂರು, ಸುಮಾರು 140 ಕಿ.ಮೀ.

ಇಡೀ ಪ್ರವಾಸದಲ್ಲಿ ಭಯ ಇಟ್ಟುಕೊಳ್ಳಬೇಕಾದ ದಿನ ಇದು. ಮಡಿಕೇರಿಯಿಂದ ಸಂಪಾಜೆಗೆ 28 ಕಿ.ಮೀ.ಯಲ್ಲಿ ಸುಮಾರು ಸಾವಿರ ಮೀಟರ್ ಇಳಿತ. ನಿಲ್ಲಿಸುವ ಹೊಣೆ 1996ರಲ್ಲಿ ವಿ-ಬ್ರೇಕ್ ಬರುವ ಮುಂಚಿನ ಕ್ಯಾಂಟಿಲಿವರ್ ಬ್ರೇಕಿನದು. ಸರಿಯಾಗಿ ಕಟ್ಟಿದರೆ ಅದು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಸರಿಯಾಗಿ ಕಟ್ಟಿರುವುದು ಅಪರೂಪ. ಹಿಂದಿನ ರಾತ್ರಿ ಮಡಿಕೇರಿಯಲ್ಲೇ ನೋಡಿಕೊಳ್ಳಿ.

ಎರಡು ತೋಳುಗಳನ್ನು ಕೂಡಿಸುವ ಅಡ್ಡವೈರು ನಡುವಿನ ಕೊಂಡಿಯಲ್ಲಿ ಹೆಚ್ಚುಕಮ್ಮಿ 90 ಡಿಗ್ರಿ ಕೋನ ಮಾಡಬೇಕು. ಕೊಂಡಿ ಮೇಲಿದ್ದಷ್ಟೂ ಲಿವರು ಗಟ್ಟಿ ಅನ್ನಿಸುತ್ತದೆ, ಹಿಡಿತ ಮಾತ್ರ ಕಮ್ಮಿ. ಗಟ್ಟಿಯಿದ್ದರೆ ಬ್ರೇಕು ಚೆನ್ನಾಗಿದೆ ಎಂಬ ಅಂಗಡಿ ಮಾತನ್ನು ನಂಬಬಾರದು. ಕೊಂಡಿ ಕೆಳಗೆ ಬಂದರೆ ಲಿವರು ಮೆತ್ತಗಾಗಿ ಹಿಡಿತ ಹೆಚ್ಚುತ್ತದೆ. ರಬ್ಬರು ರಿಮ್ಮಿನಿಂದ 2 ಮಿ.ಮೀ. ದೂರದಲ್ಲಿ, ರಿಮ್ಮಿನ ಮೇಲಂಚಿನ ಹತ್ತಿರ, ಆದರೆ ಟೈರಿಗೆ ತಾಗದಂತೆ ಇರಲಿ. ಕ್ಯಾಂಟಿಲಿವರ್ ರಬ್ಬರು ಸವೆದಂತೆಲ್ಲ ಕೆಳಕ್ಕೆ ಸರಿಯುತ್ತದೆ. ಮೊದಲೇ ಕೆಳಗೆ ಕೂರಿಸಿದ್ದರೆ ಘಾಟಿಯ ನಡುವೆ ರಿಮ್ಮಿನಡಿಗೆ ಜಾರಿ ಸ್ಪೋಕಿಗೆ ಸಿಕ್ಕಿಕೊಳ್ಳುತ್ತದೆ. ಕಿರುಚುವ ಬ್ರೇಕಿಗೆ ಮದ್ದು ಸುಲಭ: ರಬ್ಬರಿನ ಹಿಂತುದಿಗೆ ಮಡಿಸಿದ ಪೋಸ್ಟ್ ಕಾರ್ಡ್ ತುಂಡು ಸಿಕ್ಕಿಸಿ, ಲಿವರು ಹಿಡಿದು ನಟ್ಟು ಬಿಗಿದು ಕಾರ್ಡು ತೆಗೆಯಿರಿ. ಮುಂತುದಿ ಮೊದಲು ತಾಗುವಂತಾಗಿ ಸದ್ದು ನಿಲ್ಲುತ್ತದೆ. ಹಳೇ ರಬ್ಬರು ಗಾಜಿನಂತೆ ಹೊಳೆಯುತ್ತಿದ್ದರೆ ಉಪ್ಪುಕಾಗದದಿಂದ ತಿಕ್ಕಿ. ಒಳಗೆ ಅಲ್ಯುಮಿನಿಯಂ ಚೂರು ಕೂತಿದ್ದರೆ ಚಿಮಟದಿಂದ ತೆಗೆಯಿರಿ, ಇಲ್ಲದಿದ್ದರೆ ರಿಮ್ಮನ್ನೇ ಕೊರೆಯುತ್ತದೆ.

ಮುಂದಿನ ಬ್ರೇಕಿನ ಮುಖ್ಯ ವೈರು ತುಂಡಾದರೆ ಅಡ್ಡವೈರು ಟೈರಿನ ಮೇಲೆ ಬಿದ್ದು ಚಕ್ರ ಒಮ್ಮೆಲೇ ಕಚ್ಚಿ ನಿಲ್ಲಬಹುದು, ಸವಾರ ತಲೆಕೆಳಗು. ಫೋರ್ಕಿಗೆ ರಿಫ್ಲೆಕ್ಟರ್ ಕ್ಲಿಪ್ಪು ಅಥವಾ ಮಡ್‌ಗಾರ್ಡ್ ಇದ್ದರೆ ವೈರು ಅದರ ಮೇಲೆ ನಿಲ್ಲುತ್ತದೆ. ತೂಕ ಇಳಿಸಲೆಂದು ಹಳಬರು ಮೊದಲು ಕಿತ್ತೆಸೆಯುತ್ತಿದ್ದದ್ದು ಆ ಕ್ಲಿಪ್ಪನ್ನೇ. ವಿ-ಬ್ರೇಕಿಗೆ ಬದಲಿಸುವ ಯೋಚನೆ ಇದ್ದರೆ ಲಿವರೂ ಬದಲಾಗಬೇಕು. ಹಳೇ ಲಿವರು ಎಳೆಯುವ ವೈರಿನ ಉದ್ದ ಅದಕ್ಕೆ ಸಾಲದು.

ಇಳಿಯುವಾಗ ಬ್ರೇಕನ್ನು ಸದಾ ಹಿಡಿದೇ ಇರುವುದು ದೊಡ್ಡ ತಪ್ಪು. ತಿರುವಿನ ಮುನ್ನ ಎರಡನ್ನೂ ಜೋರಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಿ. ಆ ಬಿಟ್ಟ ಹೊತ್ತಲ್ಲೇ ರಿಮ್ಮು ತಣಿಯುವುದು. ಐದೈದು ಕಿ.ಮೀ.ಗೆ ನಿಂತು ರಿಮ್ಮು ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಸುಡುತ್ತಿದ್ದರೆ ಹತ್ತು ನಿಮಿಷ ವಿರಾಮ. ಬಿಸಿಗೆ ಟ್ಯೂಬಿನ ಗಾಳಿ ಹಿಗ್ಗಿ, ಹಳೇ ಪ್ಯಾಚಿನ ಅಂಟು ಬಿಟ್ಟುಕೊಂಡರೆ ಚಕ್ರ ಕೈತಪ್ಪುವುದು ಇಂಥಲ್ಲೇ. ಮುಂದಿನ ಚಕ್ರಕ್ಕೆ ಪ್ಯಾಚಿಲ್ಲದ ಟ್ಯೂಬು ಹಾಕಿಯೇ ಘಾಟಿ ಇಳಿಯಬೇಕು. ಬೆಳಗಿನ ಮಂಜಿನಲ್ಲಿ ರಿಮ್ಮು ಒದ್ದೆಯಾಗಿದ್ದರೆ ಮೊದಲ ಒಂದೆರಡು ಸುತ್ತು ಬ್ರೇಕು ಹಿಡಿಯುವುದೇ ಇಲ್ಲ, ಆ ಲೆಕ್ಕವೂ ತಲೆಯಲ್ಲಿರಲಿ.

ಸಂಪಾಜೆಗೆ ಬರುವಷ್ಟರಲ್ಲಿ ಹವೆಯೇ ಬದಲು. ಪಯಸ್ವಿನಿ ಹೊಳೆಯ ಜೊತೆಗೆ, ರಬ್ಬರು ಅಡಿಕೆ ತೋಟಗಳ ನಡುವೆ ಸುಳ್ಯ. ಜಾಕೆಟ್ಟು ಬ್ಯಾಗಿಗೆ ಹೋಗುತ್ತದೆ, ಬೆವರು ಶುರುವಾಗುತ್ತದೆ. ಸುಳ್ಯದಿಂದ ಪುತ್ತೂರಿನವರೆಗಿನ 36 ಕಿ.ಮೀ. ನಕ್ಷೆಯಲ್ಲಿ ಸಪಾಟಾಗಿ ಕಂಡರೂ ಗುಡ್ಡ ಮುಗಿಯುವುದಿಲ್ಲ. ಘಾಟಿ ಇಳಿದಾಯಿತು, ಇನ್ನೇನು ಕಡಲು ಎಂದುಕೊಂಡವರ ಕಾಲು ಸೋಲುವುದು ಇಲ್ಲೇ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ, ಸಿಕ್ಕಲ್ಲಿ ಪುನರ್ಪುಳಿ ಶರಬತ್ತು. ಮಾಣಿಯಿಂದ ಬಿ.ಸಿ. ರೋಡ್, ಅಲ್ಲಿಂದ ಮಂಗಳೂರಿಗೆ 25 ಕಿ.ಮೀ. ಲಾರಿ, ಬಸ್ಸುಗಳ ಜೊತೆ. ಕತ್ತಲಾಗುವಂತಿದ್ದರೆ ಪುತ್ತೂರಿನಲ್ಲೇ ಉಳಿಯಿರಿ, ಮುಂದಿನ ದಿನ ಇದನ್ನು ಸರಿದೂಗಿಸಬಹುದು.

ದಿನ 4: ಮಂಗಳೂರು–ಕುಂದಾಪುರ, ಸುಮಾರು 95 ಕಿ.ಮೀ.

ಇನ್ನು ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿ 66. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, 1901ರ ದೀಪಸ್ತಂಭ ಇರುವ ಕಾಪು, ಉಡುಪಿ. ಏರು ಕಮ್ಮಿ, ಆದರೆ ಗಾಳಿ ಇದೆ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ತೆಳುಗಾಳಿ ಹತ್ತು ಹನ್ನೊಂದರ ಹೊತ್ತಿಗೆ ನಿಂತು, ನೆಲ ಕಾದಮೇಲೆ ಕಡಲಿಂದ ಬೀಸಲು ಶುರು. ಉತ್ತರಕ್ಕೆ ಹೊರಟವರಿಗೆ ಅದು ಎಡಗಡೆಯಿಂದ ಓರೆಯಾಗಿ ಎದುರು. ಆರಕ್ಕೆ ಹೊರಟು ಹನ್ನೊಂದಕ್ಕೆ 80 ಕಿ.ಮೀ. ಮುಗಿಸಿಬಿಟ್ಟರೆ ಉಳಿದದ್ದು ಲೆಕ್ಕಕ್ಕಿಲ್ಲ.

ನೆಟ್ಟಗಿನ ಹ್ಯಾಂಡಲ್ಲಿನ ಎಂಟಿಬಿಗೆ ಎದುರುಗಾಳಿ ಶತ್ರು. ಸ್ಟೆಮ್ಮಿನ ಬೋಲ್ಟು ಸಡಿಲಿಸಿ ಮೇಲಿಂದ ಒಂದು ಏಟು ಕೊಟ್ಟು ಎರಡು ಮೂರು ಸೆಂ.ಮೀ. ಇಳಿಸಿದರೆ ಮೈ ತಗ್ಗುತ್ತದೆ. ಹ್ಯಾಂಡಲ್ ತುದಿಗೆ ಕೊಂಬು ಹಾಕಿದ್ದರೆ ಕೈಗೆ ಇನ್ನೊಂದು ಹಿಡಿತ ಸಿಗುತ್ತದೆ. ನಾಲ್ಕನೇ ದಿನ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ಹೊರಬದಿಯ ನರ ಒತ್ತಿಕೊಂಡಿದೆ ಎಂದರ್ಥ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ, ಸೀಟಿನ ಮೂತಿ ಕೆಳಗೆ ಬಾಗಿದ್ದರೆ ಸಮ ಮಾಡಿ. ಮೈಭಾರವನ್ನೆಲ್ಲ ಕೈಗೆ ದೂಡುತ್ತಿರುವುದು ಅದೇ ಸೀಟು.

ಹೆದ್ದಾರಿಯ ಅಂಚಿನ ಪಂಕ್ಚರ್ ಬೇರೆ ಜಾತಿಯದು. ಲಾರಿ ಟೈರು ಸಿಡಿದು ಉದುರಿದ ಕೂದಲಿನಂಥ ಉಕ್ಕಿನ ತಂತಿ ಟೈರಿಗೆ ಹೊಕ್ಕು ದಿನವಿಡೀ ನಿಧಾನ ಗಾಳಿ ಇಳಿಸುತ್ತದೆ. ಕಣ್ಣಿಗೆ ಕಾಣದು. ಟೈರನ್ನು ಒಳಹೊರಗೆ ಮಡಿಸಿ ಬೆಳಕಿಗೆ ಹಿಡಿದರೆ ಮಿಂಚುತ್ತದೆ.

ದಿನ 5: ಕುಂದಾಪುರ–ಕುಮಟಾ, ಸುಮಾರು 110 ಕಿ.ಮೀ.

ಬೆಳಕು ಹರಿಯುವಾಗ ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಬೈಂದೂರಿನ ಒತ್ತಿನೆಣೆ ಏರಿ ಇಳಿದು ಭಟ್ಕಳ, ಮುರ್ಡೇಶ್ವರದ ಅಡ್ಡರಸ್ತೆ, ಶರಾವತಿಯ ಸೇತುವೆ ದಾಟಿ ಹೊನ್ನಾವರ, ಕುಮಟಾ.

ಸ್ಪೋಕು ಮುರಿಯುವುದಿದ್ದರೆ ಹೆಚ್ಚಾಗಿ ಈ ಹೊತ್ತಿಗೆ, ಹಿಂದಿನ ಚಕ್ರದ ಬಲಗಡೆ, ಹಬ್ಬಿನ ಹತ್ತಿರದ ಬಾಗಿನಲ್ಲಿ. ಅದನ್ನು ಪಕ್ಕದ ಸ್ಪೋಕಿಗೆ ಸುತ್ತಿ, ಬೆಂಡಾದ ಚಕ್ರ ತಾಗದಂತೆ ಬ್ರೇಕಿನ ಅಡ್ಡವೈರು ಬಿಚ್ಚಿ, ಅಕ್ಕಪಕ್ಕದ ಎರಡು ನಿಪ್ಪಲ್ಲನ್ನು ಅರ್ಧ ಸುತ್ತು ಸಡಿಲಿಸಿದರೆ ಹತ್ತಿರದ ಊರಿಗೆ ಹೋಗಬಹುದು. ಒಂದೇ ಬ್ರೇಕು ಉಳಿದಿರುತ್ತದೆ, ನೆನಪಿರಲಿ. ಊರಿನಲ್ಲಿ ಫ್ರೀವೀಲ್ ಬಿಚ್ಚಿಸಿ ಸ್ಪೋಕು ಹಾಕಿ ಬೆಂಡ್ ತೆಗೆಸುವುದು ಅರ್ಧ ಗಂಟೆಯ ಕೆಲಸ. ಫ್ರೀವೀಲ್ ಓಲಾಡುತ್ತಿದ್ದರೆ ಆಕ್ಸಲನ್ನೂ ಆಗಲೇ ನೋಡಿಸಿ. ಏಳು ಚಕ್ರದ ತಿರುಪಿನ ಫ್ರೀವೀಲಿನಲ್ಲಿ ಬೇರಿಂಗು ಒಳಗಡೆ ಇರುವುದರಿಂದ ಬಲಗಡೆ ಆಕ್ಸಲ್ ಉದ್ದಕ್ಕೆ ಆಸರೆಯಿಲ್ಲದೆ ಚಾಚಿಕೊಂಡಿರುತ್ತದೆ, ಭಾರಕ್ಕೆ ಬಾಗುತ್ತದೆ.

ದಿನ 6: ಕುಮಟಾ–ಕಾರವಾರ, ಸುಮಾರು 70 ಕಿ.ಮೀ.

ಮಿರ್ಜಾನ್ ಕೋಟೆಗೆ ಒಂದು ಗಂಟೆ ಕೊಡಬಹುದು. ಶಿರೂರು, ಅಂಕೋಲಾ ದಾಟಿ ಕಾರವಾರ ಸಮೀಪಿಸುವಾಗ ಹೆದ್ದಾರಿಯ ಸುರಂಗ ಬರುತ್ತದೆ, ಹಿಂದಿನ ಕೆಂಪು ದೀಪ ಹಚ್ಚಿಯೇ ಒಳಹೊಗಬೇಕು. ಊರಿನಾಚೆಗಿನ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು.

ವಾಪಸಿಗೆ ಬೆಂಗಳೂರಿನ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ನಿಲ್ದಾಣ ಊರಿನೊಳಗಿಲ್ಲ, ಶಿರವಾಡದಲ್ಲಿದೆ. ಸೈಕಲ್ಲನ್ನು ಲಗೇಜು ಮಾಡಿಸಲು ರೈಲಿಗೆ ಒಂದೆರಡು ಗಂಟೆ ಮುಂಚೆ ಪಾರ್ಸೆಲ್ ಕಚೇರಿ ಮುಟ್ಟಿ. ಪೆಡಲ್ ಬಿಚ್ಚಿ, ಎಡಗಡೆಯದು ಉಲ್ಟಾ ತಿರುಪು. ಚೈನನ್ನು ಹಿಂದಿನ ದೊಡ್ಡ ಚಕ್ರಕ್ಕೆ ಹಾಕಿಟ್ಟರೆ ಡಿರೈಲರ್ ಒಳಕ್ಕೆ ಸರಿದು ಏಟಿನಿಂದ ಉಳಿಯುತ್ತದೆ. ಹೆಸರು, ಫೋನ್ ನಂಬರ್ ಬರೆದ ರಟ್ಟನ್ನು ಫ್ರೇಮಿಗೇ ಕಟ್ಟಿ, ಬ್ಯಾಗಿಗಲ್ಲ.

ಮನೆ ಸೇರಿದ ದಿನವೇ ಸಿಹಿನೀರಿನಲ್ಲಿ ತೊಳೆಯಿರಿ, ಹಬ್ಬಿಗೆ ನೀರಿನ ಧಾರೆ ಬಿಡಬೇಡಿ. ಸೀಟ್ ಪೋಸ್ಟ್ ತೆಗೆದು ಸೈಕಲ್ಲನ್ನು ಬೋರಲು ಹಾಕಿ ಒಂದು ರಾತ್ರಿ ಬಿಡಿ. ಫ್ರೇಮಿನೊಳಗೆ ಸೇರಿದ್ದ ನೀರು ಸೀಟಿನ ಕೊಳವೆಯಿಂದ ಇಳಿಯುತ್ತದೆ. ಅದು ಕಂದು ಬಣ್ಣದಲ್ಲಿದ್ದರೆ ಬಿ.ಬಿ. ಮತ್ತೆ ಬಿಚ್ಚಬೇಕು.